ಹಳದಿ ದೀಪ ಆರಿದ ಮೇಲೆ

ಮಾಂಜ್ರಾ ನದಿಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮವಿತ್ತು. ಅದನ್ನು ನಡೆಸುತ್ತಿದ್ದವರು ಮಡಿವಾಳಪ್ಪ ಅಜ್ಜ.

ಆಶ್ರಮಕ್ಕೆ ಬರುವ ಮೊದಲು ಅಜ್ಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಪ್ರವಚನ ಹೇಳುವ ರೂಢಿ ಅವರಿಗಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ತಿರುಗಿ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಎಷ್ಟೋ ಜನ ಬೇಸತ್ತು ಎದ್ದು ಹೋದರು. ಮಹಾನಂದಾ ಮಾತ್ರ ಉಳಿದಳು.

ಅವಳಿಗೆ ಮೂವತ್ತೆಂಟು ವರ್ಷ. ಹಾಲಿನ ಡೇರಿಯ ಟೆಂಪೊ ಓಡಿಸುತ್ತಿದ್ದವಳು ಅಜ್ಜನ ಶಿಷ್ಯೆಯಾಗಿ ಬಂದು ಎರಡು ವರ್ಷವಾಗಿತ್ತು. ಅಜ್ಜ ಅವಳಿಗೆ ಮಂತ್ರ ಹೇಳಿಕೊಡಲಿಲ್ಲ. ಆಶ್ರಮದ ಹಳೆಯ ಡೀಸೆಲ್ ವ್ಯಾನಿನ ಕೀಲಿ ಕೊಟ್ಟರು.

ಆ ವ್ಯಾನಿಗೆ ಒಂದು ಕೆಲಸವಿತ್ತು. ಸುತ್ತಲಿನ ಹಳ್ಳಿಗಳ ನಾಲ್ವರು ಕಿಡ್ನಿ ರೋಗಿಗಳನ್ನು ಸೋಮವಾರ ಮತ್ತು ಗುರುವಾರ ಪಟ್ಟಣದ ಆಸ್ಪತ್ರೆಗೆ ಒಯ್ಯುವುದು. ಅವರು ಹಿಂದಿನ ಸಂಜೆಯೇ ಬಂದು ಆಶ್ರಮದಲ್ಲಿ ತಂಗುತ್ತಿದ್ದರು. ಬೆಳಗಿನ ಐದೂವರೆಗೆ ಹೊರಟರೆ ಏಳರೊಳಗೆ ಮುಟ್ಟುತ್ತಿದ್ದರು. ಡಯಾಲಿಸಿಸ್ ಯಂತ್ರಗಳು ಕಡಿಮೆ, ಕಾಯುವವರು ಬಹಳ. ಏಳು ದಾಟಿದರೆ ಯಂತ್ರ ಮುಂದಿನವರ ಪಾಲು.

ಡಿಸೆಂಬರಿನ ಒಂದು ಸೋಮವಾರ ವ್ಯಾನು ಚಾಲೂ ಆಗಲಿಲ್ಲ.

ಮಹಾನಂದಾ ಕೀಲಿ ತಿರುಗಿಸಿದಳು. ಮುಂದಿನ ಫಲಕದಲ್ಲಿ ಸುರುಳಿಯ ಗುರುತಿನ ಹಳದಿ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಆರಿತು. ಸೆಲ್ಫ್ ಹೊಡೆದಳು. ಎಂಜಿನ್ನು ತಿರುಗಿತು, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು, ಅಷ್ಟೇ. ಮತ್ತೆ ಹೊಡೆದಳು. ಮತ್ತೆ ಹೊಗೆ.

ಆಶ್ರಮದವರೆಲ್ಲ ಎದ್ದು ಬಂದು ವ್ಯಾನನ್ನು ಇಳಿಜಾರಿನವರೆಗೆ ನೂಕಿದರು. ನಾಲ್ಕನೆಯ ಸಲ ಗಾಡಿ ಕೆಮ್ಮಿ ಎದ್ದಿತು. ಆಸ್ಪತ್ರೆ ಮುಟ್ಟಿದಾಗ ಏಳೂ ಮುಕ್ಕಾಲು.

ತುಕಾರಾಮ ಮಾಸ್ತರರು ನಿವೃತ್ತ ಶಾಲಾ ಮಾಸ್ತರರು, ನಾಲ್ವರಲ್ಲಿ ಎಲ್ಲರಿಗಿಂತ ನಿತ್ರಾಣರು. ಅವರಿಗೆ ನಾಲ್ಕು ತಾಸು ಸಿಗಬೇಕಾದ ಯಂತ್ರ ಎರಡೇ ತಾಸು ಸಿಕ್ಕಿತು. ಮರಳುವಾಗ ಕಾಲು ಬಾತು ಚಪ್ಪಲಿ ಹಿಡಿಸಲಿಲ್ಲ. ಅವನ್ನು ಕೈಯಲ್ಲಿ ಹಿಡಿದುಕೊಂಡೇ ವ್ಯಾನು ಹತ್ತಿದರು.

"ಇವತ್ತು ರಕ್ತಕ್ಕ ಅರ್ಧ ಸ್ನಾನ ಆತು, ತಂಗಿ," ಅಂದರು.

ಮಹಾನಂದಾ ಗೇರು ಹಾಕಿದಳು.

ಮಧ್ಯಾಹ್ನ ಆಶ್ರಮದ ಅಂಗಳದಲ್ಲಿ ನಿಂತು ಇನ್ನೊಮ್ಮೆ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಚಾಲೂ ಆಯಿತು. ಓಡಿಹೋಗಿ ಅಜ್ಜನಿಗೆ ಹೇಳಿದಳು.

"ಗಾಡಿ ಸರಿ ಆಗೇದ್ರಿ ಅಜ್ಜಾ."

"ಏನು ಮಾಡಿದಿ?"

"ಏನೂ ಮಾಡಿಲ್ರಿ."

"ಮತ್ತ ಯಾರು ಸರಿ ಮಾಡಿದ್ರು?"

ಮಹಾನಂದಾ ತಲೆಯೆತ್ತಿ ನೋಡಿದಳು. ಸೂರ್ಯ ನೆತ್ತಿಯ ಮೇಲಿದ್ದ. ಬಾನೆಟ್ಟು ಮುಟ್ಟಿದರೆ ಕೈ ಸುಡುವ ಹಾಗಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರುವುದಿಲ್ಲ. ಗಾಳಿಯನ್ನು ಅಮುಕಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಬಿಸಿ ಸಾಲುವುದಿಲ್ಲ. ಅದಕ್ಕೇ ಒಂದೊಂದು ಸಿಲಿಂಡರಿಗೆ ಬೆರಳುದ್ದದ ಒಂದೊಂದು ಹೀಟರ್ ಪ್ಲಗ್. ಮೊದಲು ಅವು ಕಾಯಬೇಕು, ಆಮೇಲೆ ಸೆಲ್ಫ್ ಹೊಡೆಯಬೇಕು. ಇಷ್ಟು ಅವಳಿಗೆ ಗೊತ್ತಿತ್ತು.

"ಹೀಟರ್ ಪ್ಲಗ್ ಕಾದಿದ್ದವ್ರಿ," ಅಂದಳು. "ಹಳದಿ ಲೈಟು ಹತ್ತಿ ಆರಿತ್ತು. ಆರಿದ ಮ್ಯಾಲೇ ಸೆಲ್ಫ್ ಹೊಡದೀನಿ."

"ಲೈಟು ಆರಿತು ಅಂದ್ರ ಏನು?"

"ಪ್ಲಗ್ ಬಿಸಿ ಆದವು ಅಂತ್ರಿ."

"ಅದಕ್ಕ ಯಾರು ಹೇಳಿದ್ರು?"

"ಯಾರಿಗ್ರಿ?"

"ಲೈಟಿಗೆ. ಪ್ಲಗ್ ಬಿಸಿ ಆದವು, ಇನ್ನ ನೀ ಆರು ಅಂತ ಯಾರು ಹೇಳಿದ್ರು?"

ಮಹಾನಂದಾ ವ್ಯಾನಿನ ಕಡೆ ತಿರುಗಿ ನೋಡಿದಳು. ಎರಡು ವರ್ಷ ದಿನಾ ನೋಡಿದ ದೀಪ, ಹೀಗೊಂದು ಯೋಚನೆ ಯಾವತ್ತೂ ಬಂದಿರಲಿಲ್ಲ.

"ಗೊತ್ತಿಲ್ರಿ."

"ವಾಯರ್ ಹಿಡಿದು ಹೋಗು," ಅಂದು ಅಜ್ಜ ನದಿಯ ಕಡೆ ನಡೆದರು.

ಮಂಗಳವಾರ ಅವಳು ವ್ಯಾನಿನ ಫಲಕ ಬಿಚ್ಚಿದಳು. ದೀಪದ ಹಿಂದಿನ ಸಣ್ಣ ವಾಯರನ್ನು ಬೆರಳಲ್ಲಿ ಹಿಡಿದು ಹೊರಟಳು. ಅದು ಕತ್ತಲಲ್ಲಿ ಬಾಗಿ, ಬೇರೆ ವಾಯರುಗಳ ಕಟ್ಟಿನೊಳಗೆ ಹೊಕ್ಕು, ಒಂದು ಕರಿಯ ಡಬ್ಬಿಗೆ ಹೋಗಿ ಮುಟ್ಟಿತು. ಡಬ್ಬಿಯಿಂದ ಇನ್ನೊಂದು ವಾಯರು ಬಾನೆಟ್ಟಿನ ಒಳಗಿನ ರಿಲೇಗೆ ಹೋಗಿತ್ತು. ರಿಲೇ ಅಂದರೆ ಬ್ಯಾಟರಿಯ ದೊಡ್ಡ ಕರೆಂಟನ್ನು ಪ್ಲಗ್ಗುಗಳಿಗೆ ಬಿಡುವ, ತಡೆಯುವ ಸ್ವಿಚ್ಚು. ಅಲ್ಲಿಂದ ಕಿರುಬೆರಳಿನಷ್ಟು ದಪ್ಪದ ವಾಯರು ನಾಲ್ಕು ಪ್ಲಗ್ಗುಗಳ ತಲೆಯನ್ನು ಜೋಡಿಸಿದ ಪಟ್ಟಿಗೆ ಬಂದಿತ್ತು.

ಅವಳು ಎಲ್ಲ ವಾಯರುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಪ್ಲಗ್ಗುಗಳಿಂದ ದೀಪಕ್ಕೆ ಮರಳಿ ಬರುವ ವಾಯರು ಒಂದೂ ಇರಲಿಲ್ಲ. ಡಬ್ಬಿಗೆ ಸುದ್ದಿ ತರುವ ವಾಯರು ಒಂದೇ, ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನದು.

ಸಂಜೆ ಅಜ್ಜನ ಮುಂದೆ ಕೂತಾಗ ಅವಳ ಮೊಣಕೈವರೆಗೆ ಧೂಳಿತ್ತು.

"ಆ ಲೈಟಿಗೆ ಪ್ಲಗ್ಗಿನ ಸುದ್ದಿ ಮುಟ್ಟೂದೇ ಇಲ್ರಿ ಅಜ್ಜಾ. ಡಬ್ಬಿ ಒಳಗ ಒಂದು ಗಡಿಯಾರ ಇದ್ದಂಗ ಅದ. ಚಳಿ ಎಷ್ಟದ ನೋಡಿ ಇಷ್ಟು ಹೊತ್ತು ಅಂತ ಎಣಸ್ತದ, ಆಮ್ಯಾಲೆ ಆರಸ್ತದ. ಪ್ಲಗ್ ಕಾದ್ರೂ ಅಷ್ಟೇ, ಸುಟ್ಟು ಹೋದ್ರೂ ಅಷ್ಟೇ."

ಅಜ್ಜ ಕಣ್ಣರಳಿಸಿ ಕೇಳಿದರು.

"ಪ್ಲಗ್ ಬಿಚ್ಚಿಟ್ಟರೂ ಲೈಟು ಹತ್ತತದೇನು?"

"ಹತ್ತತದ್ರಿ. ಪಟ್ಟಿ ಬಿಚ್ಚಿ ನೋಡೀನಿ."

"ಹಾಂಗಾದ್ರ ಪ್ಲಗ್ ಕಾದವು ಅಂತ ನಿನಗ ಯಾರು ಹೇಳಬೇಕು?"

ಅವಳು ಆ ಪ್ರಶ್ನೆ ಹೊತ್ತುಕೊಂಡೇ ಎದ್ದಳು.

ಬುಧವಾರ ಡೀಸೆಲ್ ಹಾಕಿಸಲು ಹೋದಾಗ ಬಂಕಿನಲ್ಲಿ ಒಬ್ಬ ಲಾರಿ ಡ್ರೈವರ್ ಅವಳಿಗೆ ಒಂದು ಸ್ಪ್ರೇ ಡಬ್ಬಿ ಕೊಟ್ಟ. ಏರ್ ಫಿಲ್ಟರಿನ ಬಾಯಿಗೆ ಎರಡು ಸಲ ಹೊಡೆದು ಸೆಲ್ಫ್ ಹಾಕಿದರೆ ಎಂಥ ಚಳಿಯಲ್ಲೂ ಗಾಡಿ ಏಳುತ್ತದೆ ಅಂದ.

ಗುರುವಾರ ಬೆಳಿಗ್ಗೆ ಮತ್ತೆ ಅದೇ ಬಿಳಿ ಹೊಗೆ. ಮಾಸ್ತರರು ಶಾಲು ಹೊದ್ದು ಒಳಗೆ ಕೂತಿದ್ದರು. ಅವರ ಉಸಿರು ಅವಳಿಗೆ ಹೊರಗೇ ಕೇಳುತ್ತಿತ್ತು. ಮಹಾನಂದಾ ಸ್ಪ್ರೇ ಹೊಡೆದಳು, ಬಂದು ಸೆಲ್ಫ್ ಹಾಕಿದಳು.

ಎಂಜಿನ್ನಿನ ಒಳಗೆ ಸುತ್ತಿಗೆಯಿಂದ ಹೊಡೆದ ಹಾಗೆ ಟಣ್ ಅಂತ ಸದ್ದಾಯಿತು. ಮತ್ತೆ ಎರಡು ಸಲ ಟಣ್, ಟಣ್. ಆಮೇಲೆ ಗಾಡಿ ಚಾಲೂ ಆಯಿತು.

ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಆಸ್ಪತ್ರೆ ಮುಟ್ಟಿದರು. ಅವಳಿಗೆ ಎದೆ ಹಗುರಾಯಿತು.

ಮರಳಿ ಬಂದಾಗ ಅಜ್ಜ ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದರು. ಮುಂದೆ ಒಂದು ಚಪ್ಪಡಿ ಕಲ್ಲು. ಪಕ್ಕದಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಸುತ್ತಿದ ಚಿಂದಿ.

"ಆ ಡಬ್ಬಿ ತಾ," ಅಂದರು. "ಕಲ್ಲಿನ ಮ್ಯಾಲೆ ಒಂದು ಸಲ ಹೊಡಿ. ಡಬ್ಬಿ ದೂರ ಇಟ್ಟು ಬಾ."

ಅವಳು ಹಾಗೇ ಮಾಡಿದಳು. ಅಜ್ಜ ಚಿಂದಿಗೆ ಬೆಂಕಿ ಹಚ್ಚಿ ಕೋಲನ್ನು ಮುಂದೆ ಚಾಚಿದರು. ಕೋಲು ಕಲ್ಲನ್ನು ಮುಟ್ಟಲೇ ಇಲ್ಲ. ಒಂದು ಮೊಳ ಇರುವಾಗಲೇ ಭುಗ್ ಅಂತ ಜ್ವಾಲೆ ಎದ್ದು, ತಕ್ಷಣ ಇಲ್ಲವಾಯಿತು. ಮಹಾನಂದಾಳ ಮುಂಗೈ ಕೂದಲು ಸೀದ ವಾಸನೆ ಬಂತು.

"ಡಿಪೋದಾಗ ಇದನ್ನ ಹೊಡದು ಹೊಡದು ಪಿಸ್ಟನ್ ಒಡದವರನ್ನ ನಾ ನೋಡೀನಿ," ಅಂದರು ಅಜ್ಜ. "ನಿನ್ನ ಎಂಜಿನ್ನಿನಾಗ ಈ ಕೋಲು ಯಾವುದು?"

"ಹೀಟರ್ ಪ್ಲಗ್ ರಿ," ಅಂದಳು ಸಣ್ಣ ದನಿಯಲ್ಲಿ. ಆಮೇಲೆ, "ಆದ್ರ ಅವು ಕಾಯೂದೇ ಇಲ್ಲಲ್ರಿ."

"ನಾಕೂ?"

ನಾಲ್ಕೂ ಕಾಯುವುದಿಲ್ಲವೋ, ಒಂದು ಕಾಯುತ್ತದೋ, ಮೂರು ಕಾಯುತ್ತವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಆ ಡಬ್ಬಿ ಹೊಡೆದಿದ್ದಳು. ಹಿಂದೆ ನಾಲ್ವರು ಕೂತಿದ್ದರು.

ಡಬ್ಬಿಯನ್ನು ಅಜ್ಜನ ಕೈಗೆ ಕೊಟ್ಟಳು. ಅದನ್ನು ಮತ್ತೆ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ನಟ್ಟು ಬಿಚ್ಚುವ ಪಾನಾ ಹಿಡಿದು ಬಾನೆಟ್ಟು ಎತ್ತುವಷ್ಟರಲ್ಲಿ ಅಜ್ಜ ಬಂದು ಹಿಂದೆ ನಿಂತಿದ್ದರು. ಅವಳಿಗೆ ಪರೀಕ್ಷೆಗೆ ಕೂತ ಹಾಗೆ ಅನ್ನಿಸಿತು.

"ಡಿಪೋದಾಗ ಇಂಥಾ ಪ್ಲಗ್ ಎಷ್ಟು ಬಿಚ್ಚೀರಿ ಅಜ್ಜಾ?"

"ಒಂದೂ ಇಲ್ಲ. ಅಲ್ಲಿ ಬಸ್ಸಿಗೆ ಇವು ಇರಲಿಲ್ಲ."

ಇದರಲ್ಲೇನೋ ಒಳಗುಟ್ಟಿದೆ ಅಂದುಕೊಂಡು ಮಹಾನಂದಾ ನಕ್ಕಳು.

ಪ್ಲಗ್ಗುಗಳ ತಲೆಯ ಮೇಲಿನ ಪಟ್ಟಿ ಬಿಚ್ಚಿ ತೆಗೆದಳು. ಈಗ ನಾಲ್ಕೂ ಬೇರೆಬೇರೆ. ಎರಡು ವಾಯರು ಜೋಡಿಸಿದ ಒಂದು ಸಣ್ಣ ಬಲ್ಬು ತಂದಳು. ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ. ಇನ್ನೊಂದು ತುದಿಯನ್ನು ಮೊದಲ ಪ್ಲಗ್ಗಿನ ತಲೆಗೆ ಮುಟ್ಟಿಸಿದಳು.

ಬಲ್ಬು ಹತ್ತಿತು.

"ಹತ್ತಿದ್ರ ಏನು?" ಅಂದರು ಅಜ್ಜ.

"ಒಳಗಿನ ಸುರುಳಿ ಹರಿದಿಲ್ಲ ಅಂತ್ರಿ. ಕರೆಂಟು ಪ್ಲಗ್ಗಿನ ಒಳಗಿಂದ ಹಾದು ಎಂಜಿನ್ನಿಗೆ ಹೋತು."

ಎರಡನೆಯದಕ್ಕೆ ಮುಟ್ಟಿಸಿದಳು. ಹತ್ತಲಿಲ್ಲ. ತಲೆಯನ್ನು ಉಜ್ಜಿ ಮತ್ತೆ ಮುಟ್ಟಿಸಿದಳು. ಇಲ್ಲ. ಮೂರನೆಯದು ಹತ್ತಿತು. ನಾಲ್ಕನೆಯದು ಇಲ್ಲ.

"ಎರಡು ಸತ್ತಾವ್ರಿ," ಅಂದಳು. ದನಿಯಲ್ಲಿ ಖುಷಿಯಿತ್ತು. ಕಡೆಗೂ ಒಂದು ಸಂಗತಿ ಕೈಗೆ ಸಿಕ್ಕಿತ್ತು.

ಅಂದೇ ಪಟ್ಟಣಕ್ಕೆ ಹೋಗಿ ಎರಡು ಹೊಸ ಪ್ಲಗ್ ತಂದಳು.

ಶನಿವಾರ ಅವನ್ನು ಕೂರಿಸುವ ಮೊದಲು ಅವಳಿಗೊಂದು ಆಸೆಯಾಯಿತು. ಇಷ್ಟು ವರ್ಷ ಡೀಸೆಲ್ ಗಾಡಿ ಓಡಿಸಿದ್ದಳು. ಪ್ಲಗ್ಗು ಕಾಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಒಂದು ಹೊಸ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದಳು. ಅದರ ಮೈಗೆ ಬ್ಯಾಟರಿಯ ಮೈನಸ್ಸು, ತಲೆಗೆ ಪ್ಲಸ್ಸು.

ಒಂದು, ಎರಡು, ಮೂರು ಎಣಿಸಿದಳು. ಏನೂ ಇಲ್ಲ. ಐದಕ್ಕೆ ತುದಿ ಮಂಕಾಗಿ ಕೆಂಪಾಯಿತು. ಏಳಕ್ಕೆ ಕಿತ್ತಳೆ ಬಣ್ಣದ ಕೆಂಡ.

ಅವಳು ಪ್ಲಸ್ಸಿನ ವಾಯರು ಬಿಡಿಸಿದಳು.

ಪಕ್ಕದಲ್ಲಿ ಅಜ್ಜ ಸೊಂಟ ಬಗ್ಗಿಸಿ ಅದನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇನ್ನೊಮ್ಮೆ ಮಾಡು," ಅಂದರು.

ಕೈ ಪಳಗಲಿ ಅಂತ ಹೇಳುತ್ತಿದ್ದಾರೆ ಅಂದುಕೊಂಡು ಅವಳು ಇನ್ನೊಮ್ಮೆ ಮಾಡಿದಳು.

ಆ ಸಂಜೆ ನಾಲ್ಕೂ ಪ್ಲಗ್ ಕೂತವು, ಪಟ್ಟಿ ಕೂತಿತು. ಮಹಾನಂದಾ ನಿಶ್ಚಿಂತೆಯಿಂದ ಮಲಗಿದಳು.

ಭಾನುವಾರ ಬೆಳಗಾಗುವ ಹೊತ್ತಿಗೆ, ನದಿಯ ಮೇಲೆ ಇನ್ನೂ ಮಂಜಿರುವಾಗ, ಕೀಲಿ ತಿರುಗಿಸಿದಳು. ಹಳದಿ ದೀಪ ಹತ್ತಿ ಆರಿತು. ಸೆಲ್ಫ್ ಹೊಡೆದಳು.

ಬಿಳಿ ಹೊಗೆ.

ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಕಿಟಕಿಯ ಬಳಿ ಅಜ್ಜನ ದನಿ ಕೇಳಿತು.

"ಎರಡು ಸತ್ತಿದ್ವು ಅಂದಿ."

"ಹೌದ್ರಿ. ಬದಲಿ ಮಾಡೀನಿ."

"ಅವು ಯಾಕ ಸತ್ತವು?"

ಮಹಾನಂದಾ ತಲೆಯೆತ್ತಿದಳು. ಸತ್ತಿವೆ ಅಂತ ಗೊತ್ತಾದ ಕೂಡಲೇ ಅವಳು ಅಂಗಡಿಗೆ ಓಡಿದ್ದಳು. ಯಾಕೆ ಅಂತ ಕೇಳಿರಲಿಲ್ಲ.

ಕೆಳಗಿಳಿದು ಬಲ್ಬು ತಂದಳು. ಈ ಸಲ ಬಲ್ಬಿನ ಒಂದು ತುದಿ ಎಂಜಿನ್ನಿನ ಮೈಗೆ, ಇನ್ನೊಂದು ಪ್ಲಗ್ಗುಗಳ ಪಟ್ಟಿಗೆ. ಅಜ್ಜನಿಗೆ ಕೀಲಿ ತಿರುಗಿಸಲು ಹೇಳಿದಳು. ರಿಲೇ ಟಕ್ ಅಂದಿತು. ಬಲ್ಬು ಹತ್ತಲಿಲ್ಲ.

ರಿಲೇಗೆ ಬ್ಯಾಟರಿಯಿಂದ ಬರುವ ವಾಯರಿಗೆ ಮುಟ್ಟಿಸಿದಳು. ಹತ್ತಿತು. ರಿಲೇಯಿಂದ ಹೊರಡುವ ವಾಯರಿಗೆ ಮುಟ್ಟಿಸಿದಳು. ಇಲ್ಲ.

ಹೊಸ ಪ್ಲಗ್ಗುಗಳಿಗೆ ಕರೆಂಟೇ ಮುಟ್ಟಿರಲಿಲ್ಲ.

ರಿಲೇಯನ್ನು ಕಳಚಿ ಮುಚ್ಚಳ ತೆಗೆದಳು. ಒಳಗೆ ಒಂದನ್ನೊಂದು ಮುಟ್ಟಬೇಕಾದ ಎರಡು ಲೋಹದ ಬಿಲ್ಲೆಗಳು ಸುಟ್ಟು ಕರಿಕಾಗಿದ್ದವು. ಕರೆಂಟಿನ ಬಾಗಿಲು ಸದ್ದು ಮಾಡುತ್ತಿತ್ತು, ಆದರೆ ತೆರೆಯುತ್ತಿರಲಿಲ್ಲ. ಅಂಚಿನಲ್ಲಿ ಲೋಹ ಕರಗಿ ಅಂಟಿಕೊಂಡಿದ್ದ ಗುರುತೂ ಇತ್ತು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಒಂದೊಂದಾಗಿ ನೆನಪಾಗತೊಡಗಿತು.

"ಅಜ್ಜಾ, ಹೋದ ತಿಂಗಳು ಎರಡು ಸಲ ಬ್ಯಾಟರಿ ಇಳದಿತ್ತು. ಬ್ಯಾಟರಿ ಹಳೀದು ಅಂದ್ಕೊಂಡಿದ್ದೆ. ಅಲ್ರಿ. ಆಗ ಇದು ಅಂಟಿಕೊಂಡು ಕೂತಿತ್ತು. ಲೈಟು ಆರಿದ ಮ್ಯಾಲೂ ಪ್ಲಗ್ಗಿಗೆ ಕರೆಂಟು ಹೋಗೂದು ನಿಂತಿಲ್ಲ. ಅದಕ್ಕ ಎರಡು ಸುಟ್ಟವು. ಆಮ್ಯಾಲೆ ಇದೂ ಸುಟ್ಟಿತು."

"ಇದು ಯಾಕ ಅಂಟಿತು?"

ಮಹಾನಂದಾ ಕೀಲಿಯ ಕಡೆ ನೋಡಿದಳು. ನದಿಯಲ್ಲಿ ಯಾರೋ ಕೊಡ ತುಂಬಿಕೊಳ್ಳುವ ಸದ್ದಾಗುತ್ತಿತ್ತು.

"ನಾನೇ ಮಾಡೀನ್ರಿ."

"ಹೆಂಗ?" ಅಂದರು ಅಜ್ಜ.

"ಚಳಿ ಶುರು ಆದಾಗಿಂದ ಒಂದು ಸಲ ಕಾಸಿದ್ರ ಸಾಲೂದಿಲ್ಲ ಅನಸ್ತಿತ್ತು. ಲೈಟು ಆರಿದ ಕೂಡಲೆ ಕೀಲಿ ಬಂದ್ ಮಾಡಿ ಮತ್ತ ಹಚ್ಚತಿದ್ದೆ. ಮತ್ತ ಬಂದ್ ಮಾಡಿ ಮತ್ತ. ಜಾಸ್ತಿ ಕಾದ್ರ ಚಲೋ ಅಂತ."

"ಎಷ್ಟು ಸಲ?"

"ನಾಕು. ಐದು. ಮಾಸ್ತರಿಗೆ ಆರಾಮ ಇಲ್ಲದ ದಿನ ಆರೂ ಮಾಡೀನಿ."

"ಯಾಕ?"

"ಹೆದರಿಕಿ ರಿ. ಅವರಿಗೆ ತಡ ಆಗಬಾರದು ಅಂತ."

ಬೈಗುಳ ಬರುತ್ತದೆ ಅಂತ ಅವಳು ಕಾದಳು. ಬರಲಿಲ್ಲ. ಅಜ್ಜ ಅವಳ ಅಂಗೈಯಿಂದ ರಿಲೇ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ನೀ ಕಕ್ಕುಲಾತಿಲೆ ಸುಟ್ಟಿದ್ದು," ಅಂದರು, "ಇದಕ್ಕ ಹೆಂಗ ಗೊತ್ತಾಗಬೇಕು?"

ಹೊಸ ರಿಲೇ ಪಟ್ಟಣದಲ್ಲಿ ಸಿಗಲಿಲ್ಲ. ಹೈದರಾಬಾದಿನಿಂದ ತರಿಸಿಕೊಡುತ್ತೇನೆ, ನಾಲ್ಕು ದಿನ ಬೇಕು ಅಂದ ಅಂಗಡಿಯವನು. ಮರುದಿನವೇ ಸೋಮವಾರ. ಸಂಜೆ ಮಾಸ್ತರರನ್ನು ಇಬ್ಬರು ಹಿಡಿದು ಕರೆತಂದರು. ಮುಖ ಬಾತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತೇ ಇದ್ದರು.

ಮಹಾನಂದಾ ಶೆಡ್ಡಿಗೆ ಹೋಗಿ ಬಾನೆಟ್ಟಿನ ಮುಂದೆ ನಿಂತಳು. ಬ್ಯಾಟರಿ ಚೆನ್ನಾಗಿದೆ. ಪ್ಲಗ್ಗುಗಳು ಚೆನ್ನಾಗಿವೆ. ನಡುವಿನ ಬಾಗಿಲು ಮಾತ್ರ ಇಲ್ಲ. ಹಾಗಾದರೆ ಬಾಗಿಲ ಕೆಲಸವನ್ನು ಕೈಯಿಂದ ಮಾಡಬಹುದು.

ಬ್ಯಾಟರಿಯಿಂದ ಬ್ಯಾಟರಿಗೆ ಹಾಕುವ ದಪ್ಪ ಕೇಬಲ್ಲು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಒರೆಸಿ ಇಟ್ಟಳು.

ಬೆಳಿಗ್ಗೆ ಐದಕ್ಕೆಲ್ಲ ನಾಲ್ವರೂ ವ್ಯಾನು ಹತ್ತಿ ಕೂತರು. ಒಳಗಿನ ಸಣ್ಣ ದೀಪ ಉರಿಯುತ್ತಿತ್ತು. ಮಾಸ್ತರರು ಅದರ ಕೆಳಗೇ ಕೂತಿದ್ದರು.

ಮಹಾನಂದಾ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಕಚ್ಚಿಸಿದಳು. ಇನ್ನೊಂದು ತುದಿಯನ್ನು ಪಟ್ಟಿಗೆ ಒತ್ತಿದಳು. ಸಣ್ಣ ಕಿಡಿ ಹಾರಿತು. ಎಣಿಸತೊಡಗಿದಳು.

"ತಂಗಿ," ಅಂದರು ಮಾಸ್ತರರು ಒಳಗಿಂದ, "ಈ ಲೈಟು ಯಾಕೋ ಸಣ್ಣ ಆತಲ್ಲ."

ಅವಳು ಕೇಬಲ್ಲು ತೆಗೆದಳು.

"ಈಗ ದೊಡ್ಡದಾತು."

ಮತ್ತೆ ಒತ್ತಿದಳು.

"ಸಣ್ಣ ಆತು. ತಡಿ, ತಡಿ. ಈಗ ತಾನೇ ಸಾವಕಾಶ ಮ್ಯಾಲೇಳಾಕತ್ತದ."

ಮಹಾನಂದಾಳಿಗೆ ಹೊಳೆಯಿತು. ತಣ್ಣಗಿನ ಪ್ಲಗ್ಗುಗಳು ಬಾಯಾರಿದವರಂತೆ ಕರೆಂಟು ಕುಡಿಯುತ್ತವೆ, ದೀಪ ಮಂಕಾಗುತ್ತದೆ. ಕಾದ ಹಾಗೆ ಕುಡಿಯುವುದು ಕಡಿಮೆ, ದೀಪ ಏರುತ್ತದೆ. ಹೋದ ಸೋಮವಾರ ಪ್ಲಗ್ಗಿಗೆ ಕರೆಂಟೇ ಹೋಗದೆ ಈ ದೀಪ ಅಲುಗಿರಲಾರದು. ಆಗಲೇ ಅದು ಹೇಳುತ್ತಿತ್ತು. ಯಾರೂ ಅದರ ಕಡೆ ನೋಡಿರಲಿಲ್ಲ.

"ಮಾಸ್ತರ್ರ, ಆ ಲೈಟಿನ ಮ್ಯಾಲೆ ಕಣ್ಣಿಡ್ರಿ. ಏರಿ ನಿಂತ ಕೂಡಲೆ ಹೇಳ್ರಿ."

ಆದರೆ ಕೇಬಲ್ಲು ಹಿಡಿದು ನಿಂತರೆ ಸೆಲ್ಫ್ ಹೊಡೆಯುವವರು ಯಾರು? ಅವಳು ಸುತ್ತ ನೋಡಿದಳು. ಅಜ್ಜ ಶಾಲು ತೆಗೆದು ಕಟ್ಟೆಯ ಮೇಲಿಟ್ಟು ಮುಂದೆ ಬಂದರು.

"ಎಲ್ಲಿ ಹಿಡೀಲಿ?"

ಅವಳು ತೋರಿಸಿದಳು. "ಇದೇ ಪಟ್ಟಿಗೆ ಒತ್ತಿ ಹಿಡೀರಿ. ಬ್ಯಾರೆ ಎಲ್ಲೂ ತಾಗಬಾರದು. ಗಾಡಿ ಎದ್ದ ಕೂಡಲೆ ತಗೀರಿ."

"ಹೂಂ," ಅಂದರು ಅಜ್ಜ, ಶಾಲೆಯ ಹುಡುಗನ ಹಾಗೆ.

ಮಹಾನಂದಾ ಒಳಗೆ ಕೂತಳು. ಕೀಲಿ ತಿರುಗಿಸಿದಳು. ಹಳದಿ ದೀಪ ಹತ್ತಿತು. ಅವಳು ಅದರ ಕಡೆ ನೋಡಲಿಲ್ಲ.

"ಒತ್ತರಿ ಅಜ್ಜಾ."

"ಸಣ್ಣ ಆತು," ಅಂದರು ಮಾಸ್ತರರು. ಆಮೇಲೆ ಸ್ವಲ್ಪ ಹೊತ್ತು ಅವರ ಉಸಿರಿನ ಸದ್ದೊಂದೇ. "ಏರಾಕತ್ತದ... ಏರಿತು... ನಿಂತಿತು. ಹೊಡಿ ತಂಗಿ."

ಅವಳು ಸೆಲ್ಫ್ ಹೊಡೆದಳು. ಎಂಜಿನ್ನು ಒಂದು ಸುತ್ತು ತಿರುಗಿತು, ಎರಡು ಸುತ್ತು, ಮೂರನೆಯದಕ್ಕೆ ಎದ್ದಿತು. ಟಣ್ ಅನ್ನಲಿಲ್ಲ. ಸ್ವಲ್ಪ ಗಡಗಡ ನಡುಗಿ ಒಂದೇ ಲಯಕ್ಕೆ ಬಂತು.

ಅಜ್ಜ ಕೇಬಲ್ಲು ತೆಗೆದರು.

ಆ ದಿನ ಮಾಸ್ತರರಿಗೆ ಪೂರಾ ನಾಲ್ಕು ತಾಸು ಯಂತ್ರ ಸಿಕ್ಕಿತು. ಮರಳುವಾಗ ಚಪ್ಪಲಿ ಮೆಟ್ಟಿಕೊಂಡೇ ನಡೆದು ಬಂದರು. ದಾರಿಯುದ್ದಕ್ಕೂ ಅವಳಿಗೆ ಕರೆಂಟಿನ ಬಗ್ಗೆ ಪ್ರಶ್ನೆ ಕೇಳುತ್ತಲೇ ಇದ್ದರು.

ವಾರದ ಕಡೆಗೆ ರಿಲೇ ಬಂತು. ಅವಳೇ ಕೂರಿಸಿದಳು. ಈಗ ಬೆಳಿಗ್ಗೆ ಒಂದೇ ಸಲ ಕಾಸುತ್ತಿದ್ದಳು. ಒಳಗಿನ ದೀಪ ಇಳಿದು ಏರುವುದನ್ನು ನೋಡಿ ಸೆಲ್ಫ್ ಹೊಡೆಯುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಆಚೆ ದಂಡೆಯಿಂದ ಮೌಲಾಸಾಬ ಬಂದ. ಪಿಕಪ್ಪಿನಲ್ಲಿ ಕಾಯಿಪಲ್ಲೆ ಮಾರುವವನು. ವ್ಯಾನಿನ ಸುದ್ದಿ ಅವನವರೆಗೂ ಹೋಗಿತ್ತು.

"ಅಕ್ಕಾ, ನಂದೂ ಹಾಂಗೇ ಆಗೇದ್ರಿ. ಬೆಳಿಗ್ಗೆ ಏಳವಲ್ದು. ಮಧ್ಯಾಹ್ನ ನೂಕೂದೇ ಬ್ಯಾಡ, ತಾನೇ ಏಳತದ."

"ರಿಲೇ ಸುಟ್ಟದ," ಅಂದಳು ಮಹಾನಂದಾ. "ಬಿಚ್ಚಿ ತಂದು ತೋರಸು. ಕೀಲಿ ಎಷ್ಟು ಸಲ ತಿರುಗಸ್ತಿ?"

ಅಜ್ಜ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಇವನ ಗಾಡಿ ಎಲ್ಲಿ ನಿಂತದ?" ಅಂತ ಕೇಳಿದರು.

"ಮನೀ ಮುಂದ್ರಿ," ಅಂದ ಮೌಲಾಸಾಬ.

"ಮತ್ತ ರಿಲೇ ಇಲ್ಲಿಂದ ಕಾಣಸ್ತದೇನು?"

ಮಹಾನಂದಾ ಕೆಂಪಾದಳು. ಬಲ್ಬು, ಪಾನಾ ಚೀಲಕ್ಕೆ ಹಾಕಿಕೊಂಡಳು.

ಮರುದಿನ ನಸುಕಿನಲ್ಲಿ ಆಚೆ ದಂಡೆಗೆ ಹೋಗಿ, ಗಾಡಿ ಇನ್ನೂ ತಣ್ಣಗಿರುವಾಗಲೇ ಅದರ ಮುಂದೆ ನಿಂತಳು. ಮೌಲಾಸಾಬ ಕೀಲಿ ತಿರುಗಿಸಿದ. ಒಳಗಿನ ದೀಪ ಇಳಿದು ಏರಿತು. ಪ್ಲಗ್ಗುಗಳು ಕಾಯುತ್ತಿದ್ದವು. ಸೆಲ್ಫ್ ಹೊಡೆದ. ಎಂಜಿನ್ನು ತಿರುಗಿತು, ಏಳಲಿಲ್ಲ.

ಅವಳು ಹಿಂದಕ್ಕೆ ಹೋಗಿ ಕೊಳವೆಯ ಬಾಯಿ ನೋಡಿದಳು. ಹೊಗೆಯೇ ಇರಲಿಲ್ಲ.

ತನ್ನ ವ್ಯಾನಿನಲ್ಲಿ ಡೀಸೆಲ್ ಬರುತ್ತಿತ್ತು, ಹತ್ತದೆ ಬಿಳಿ ಹೊಗೆಯಾಗಿ ಹೋಗುತ್ತಿತ್ತು. ಇಲ್ಲಿ ಡೀಸೆಲ್ಲೇ ಬರುತ್ತಿಲ್ಲ. ರಿಲೇಯನ್ನು ಮರೆತು ಪೈಪು ಹಿಡಿದು ಹೊರಟಳು. ಫಿಲ್ಟರಿನ ಹತ್ತಿರ ರಬ್ಬರ್ ಪೈಪು ಸೀಳಿತ್ತು. ಗಾಡಿ ನಿಂತಾಗ ಅಲ್ಲಿಂದ ಗಾಳಿ ಹೊಕ್ಕು, ಡೀಸೆಲ್ಲು ಟ್ಯಾಂಕಿಗೆ ಇಳಿದು ಹೋಗುತ್ತಿತ್ತು. ಸೀಳಿದಷ್ಟು ಕತ್ತರಿಸಿ ಪೈಪು ಮತ್ತೆ ಕೂರಿಸಿ, ಹ್ಯಾಂಡ್ ಪಂಪು ಒತ್ತಿ ಒತ್ತಿ ಡೀಸೆಲ್ ಎಳೆದಳು. ಗಾಡಿ ಎದ್ದಿತು. ಮಧ್ಯಾಹ್ನ ಯಾಕೆ ತಾನೇ ಏಳುತ್ತಿತ್ತು ಅಂದರೆ, ಬೆಳಿಗ್ಗೆ ಓಡಿ ಬಂದು ನಿಂತು ಆಗ ಇನ್ನೂ ಒಂದು ತಾಸೂ ಆಗಿರುತ್ತಿರಲಿಲ್ಲ, ಡೀಸೆಲ್ಲು ಪೂರಾ ಇಳಿದಿರುತ್ತಿರಲಿಲ್ಲ.

ಮರಳಿ ಬಂದಾಗ ಅಜ್ಜ ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಪಕ್ಕದ ಮೆಟ್ಟಿಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅಜ್ಜ ನಡುನಡುವೆ ತಡೆದು ಕೇಳಿದರು. ಸೀಳು ಎಷ್ಟು ದೊಡ್ಡದಿತ್ತು? ಡೀಸೆಲ್ ಹೊರಗ ತೊಟ್ಟಿಕ್ಕತಿರಲಿಲ್ಲೇನು? ಗಾಳಿ ಒಳಗ ಹೋದೀತು, ಡೀಸೆಲ್ ಹೊರಗ ಬರಲಾರದು, ಅದು ಹೆಂಗ? ಅವಳು ಕೈಯಲ್ಲಿ ತೋರಿಸಿ ತೋರಿಸಿ ಹೇಳಿದಳು.

ಹೇಳಿ ಮುಗಿದ ಮೇಲೆ ಅವಳು ನದಿಯಲ್ಲಿ ಕೈ ತೊಳೆದುಕೊಂಡಳು.

"ಅಜ್ಜಾ, ಅವನ ಗಾಡಿದು ರಿಲೇ ಅಲ್ಲ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಇಲ್ಲ."

"ನಮ್ಮ ವ್ಯಾನಿಂದು?"

"ಅದೂ ಇಲ್ಲ."

ಮಹಾನಂದಾ ತಿರುಗಿ ಅವರ ಮುಖ ನೋಡಿದಳು. ಅಲ್ಲಿ ಒಗಟು ಯಾವುದೂ ಕಾಣಲಿಲ್ಲ.

"ಮತ್ತ ಅಷ್ಟೊಂದು ಪ್ರಶ್ನೆ ಕೇಳಿದ್ರಿ ನನಗ?"

"ಗೊತ್ತಿದ್ರ," ಅಂದರು ಅಜ್ಜ, "ಯಾಕ ಕೇಳತಿದ್ದೆ?"